ಪದ್ಮಿನಿಯ ಪೆಟ್ರೋಲ್ ಪೈಪ್: ಇ20 ಕಾಲಕ್ಕೆ ಯಾವುದು ಹಾಕೋದು?

ಪ್ರಶ್ನೆ: ಪ್ರೀಮಿಯರ್ ಪದ್ಮಿನಿ ಪೂರ್ತಿ ಬಿಚ್ಚಿದ್ದೇವೆ. ಟ್ಯಾಂಕಿನಿಂದ ಮುಂದಕ್ಕೆ ಬರುವ ಸ್ಟೀಲ್ ಪೈಪ್ ತುಕ್ಕು ಹಿಡಿದಿದೆ. ಗ್ಯಾರೇಜಿನವರು ತಾಮ್ರ ಹಾಕಿ, ಇಲ್ಲ ಉದ್ದಕ್ಕೂ ರಬ್ಬರ್ ಎಳೆಯಿರಿ ಅಂತಾರೆ. ಬಂಕಿನಲ್ಲಿ ಸಿಗೋದು ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್. ಬಲ್ಲವರು ಹೇಳಿ.

ಬೆಂಗಳೂರು: ಉದ್ದಕ್ಕೂ ರಬ್ಬರ್ ಖಂಡಿತ ಬೇಡ ಸರ್. ಕಾರಿನ ಅಡಿಗೆ ಕಲ್ಲು ಬಡಿಯುತ್ತೆ, ಸೈಲೆನ್ಸರ್ ಕಾವು ತಾಗುತ್ತೆ. ಅಡಿಯಲ್ಲಿ ಓಡೋದೆಲ್ಲ ಲೋಹದ ಪೈಪೇ ಇರಲಿ. ಅಲುಗಾಡೋ ಕಡೆ ಮಾತ್ರ ರಬ್ಬರ್ ಹೋಸ್: ಟ್ಯಾಂಕಿನ ಬಾಯಿಗೊಂದು, ಬಾಡಿಯಿಂದ ಪಂಪಿಗೊಂದು. ಒಂದೊಂದೂ ಗೇಣುದ್ದ ಮೀರಬಾರದು.

ಹೋಸಿನ ಮೇಲಿನ ಅಚ್ಚು ಓದಿ ತಗೊಳ್ಳಿ. ಎಸ್‌ಎಇ 30ಆರ್7 (ಪೆಟ್ರೋಲ್ ಹೋಸಿನ ಒಂದು ದರ್ಜೆ) ಕಾರ್ಬೊರೇಟರ್ ಗಾಡಿಯ ಒತ್ತಡ ಆರಾಮಾಗಿ ತಡೆಯುತ್ತೆ, ಆದರೆ ಒಳಪದರ ಸಾಮಾನ್ಯವಾಗಿ ನೈಟ್ರೈಲ್ ರಬ್ಬರ್. ಎಥನಾಲ್‌ನಲ್ಲಿ ನೆನೆದು ಉಬ್ಬುತ್ತೆ, ಗಾಡಿ ತಿಂಗಳುಗಟ್ಟಲೆ ನಿಂತರೆ ಒಣಗಿ ಬಿರುಕು ಬಿಡುತ್ತೆ. 30ಆರ್9 ಕೇಳಿ, ಅದರ ಒಳಪದರ ಎಫ್‌ಕೆಎಂ, ಅಂದರೆ ಎಥನಾಲ್ ತಡೆಯುವ ವೈಟಾನ್ ಜಾತಿಯ ರಬ್ಬರ್. ಕತ್ತರಿಸಿದ ತುದಿ ನೋಡಿದರೆ ಒಳಗೆ ತೆಳುವಾದ ಬೇರೆಯದೇ ಪದರ, ನಡುವೆ ನೂಲಿನ ಹೆಣಿಗೆ, ಹೊರಗೆ ಕಪ್ಪು ಹೊದಿಕೆ ಕಾಣಬೇಕು. ಇದನ್ನು ಟ್ಯಾಂಕಿನ ಒಳಗೆ ಹಾಕಬೇಡಿ, ಹೊರಹೊದಿಕೆ ಪೆಟ್ರೋಲಿನಲ್ಲಿ ಮುಳುಗಿರೋಕೆ ಮಾಡಿದ್ದಲ್ಲ. ಪಾರದರ್ಶಕ ಪಿವಿಸಿ ಕಲ್ಲಿನ ಹಾಗೆ ಗಟ್ಟಿಯಾಗುತ್ತೆ. ಸಿಲಿಕಾನ್ ಹೋಸ್ ನೋಡೋಕೆ ಚೆಂದ, ಪೆಟ್ರೋಲಿಗೆ ಸಲ್ಲದು.

ಹುಬ್ಬಳ್ಳಿ: ತಾಮ್ರ ಕೈಯಲ್ಲೇ ಬಗ್ಗುತ್ತೆ, ಗ್ಯಾರೇಜಿನವರು ಅದಕ್ಕೇ ಹೇಳ್ತಾರೆ. ಎಂಜಿನ್ ನಡುಕಕ್ಕೆ ಅದು ದಿನದಿನಕ್ಕೆ ಗಡುಸಾಗಿ, ಫ್ಲೇರ್ ಮಾಡಿದ, ಅಂದರೆ ತುದಿ ಅಗಲಿಸಿದ, ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತೆ. ನಿಂತ ಪೆಟ್ರೋಲ್ ಗೋಂದಾಗೋದನ್ನೂ ತಾಮ್ರ ಬೇಗ ಮಾಡುತ್ತೆ. 90/10 ಕ್ಯುಪ್ರೋನಿಕಲ್ (90 ಪಾಲು ತಾಮ್ರ, 10 ಪಾಲು ನಿಕಲ್ ಬೆರೆತ ಲೋಹ) ಟ್ಯೂಬ್ ತರಿಸಿ. ಬಗ್ಗಿಸೋಕೆ ಸುಲಭ, ತುಕ್ಕೂ ಇಲ್ಲ. ಸಿಗದಿದ್ದರೆ ಬ್ರೇಕ್ ಪೈಪಿಗೆ ಬಳಸುವಂಥ ಲೇಪನದ ಸ್ಟೀಲ್ ಟ್ಯೂಬ್. ಹಳೇ ಪೈಪಿನ ಹೊರವ್ಯಾಸ ವರ್ನಿಯರ್‌ನಲ್ಲಿ ಅಳೆದು ಅದೇ ಸೈಜ್ ತಗೊಳ್ಳಿ. 5/16 ಇಂಚು ಅಂದರೆ 7.94 ಮಿಮೀ, 8 ಮಿಮೀ ಹೋಸ್ ಕೂರುತ್ತೆ. ಕಾಲಿಂಚು ಪೈಪಿಗೆ 6 ಮಿಮೀ ಹೋಸ್ ಬಿಗಿಯಾಗುತ್ತೆ, ಬಲವಂತ ಮಾಡದೆ ಕಾಲಿಂಚಿನದೇ ಹುಡುಕಿ.

ಮಂಗಳೂರು: ಕಡಲ ಕಡೆಯ ಗಾಡಿಯಾದರೆ ಸ್ಟೀಲ್ ಬಿಟ್ಟು ಕ್ಯುಪ್ರೋನಿಕಲ್ಲೇ ಹಾಕಿ. ಸ್ಟೀಲ್ ಪೈಪ್ ಮೊದಲು ತೂತಾಗೋದು ಕ್ಲಿಪ್ಪಿನ ಅಡಿಯಲ್ಲಿ, ಉಪ್ಪುನೀರು ಅಲ್ಲೇ ನಿಲ್ಲುತ್ತೆ. ಕ್ಲಿಪ್ಪಿಗೆ ರಬ್ಬರ್ ಒಳಪಟ್ಟಿ ಇರಲಿ, 30ರಿಂದ 40 ಸೆಂಮೀಗೆ ಒಂದರಂತೆ.

ಬೆಂಗಳೂರು: ತುದಿಯ ವಿಷಯ ಬಿಟ್ಟುಹೋಯ್ತು. ಬರಿ ಪೈಪಿಗೆ ಹೋಸ್ ಸಿಕ್ಕಿಸಿ ಕ್ಲಾಂಪ್ ಬಿಗಿದರೆ ಒಂದು ದಿನ ಜಾರುತ್ತೆ. ಡಬಲ್ ಫ್ಲೇರ್ ಟೂಲಿನ ಮೊದಲ ಹಂತ ಮಾತ್ರ ಒತ್ತಿ, ತುದಿಯಲ್ಲಿ ಸಣ್ಣ ಉಬ್ಬು ಬರುತ್ತೆ. ಹೋಸ್ ಅದನ್ನು ದಾಟಿ 25 ಮಿಮೀ ಒಳಗೆ ಹೋಗಬೇಕು, ಕ್ಲಾಂಪ್ ಉಬ್ಬಿನ ಹಿಂದೆ ಕೂರಬೇಕು. ಸೀಳುಗಳಿರುವ ಮಾಮೂಲಿ ಸ್ಕ್ರೂ ಕ್ಲಾಂಪ್ ರಬ್ಬರ್ ಕೊರೆಯುತ್ತೆ, ಒಳಮೈ ನುಣುಪಾದ ಇಂಜೆಕ್ಷನ್ ಕ್ಲಾಂಪ್ ಕೇಳಿ.

ಹುಬ್ಬಳ್ಳಿ: ಟ್ಯಾಂಕಿನಿಂದ ಪಂಪಿನವರೆಗೆ ಇರೋದು ಎಳೆತ. ಅಲ್ಲಿ ಬಿರುಕಿದ್ದರೆ ಎಂಜಿನ್ ಓಡುವಾಗ ಪೆಟ್ರೋಲ್ ಸೋರದೆ ಗಾಳಿ ಒಳಗೆ ಹೋಗುತ್ತೆ, ಏರಿನಲ್ಲಿ ಗಾಡಿ ಮುಗ್ಗರಿಸುತ್ತೆ. ಎಲ್ಲರೂ ಕಾರ್ಬೊರೇಟರ್ ಬಿಚ್ಚುತ್ತಾ ಕೂರ್ತಾರೆ! ಪಂಪಿನಿಂದ ಮುಂದಕ್ಕೆ ಒತ್ತಡ, ಅಲ್ಲಿನ ಸೋರಿಕೆ ಬಿಸಿ ಎಂಜಿನ್ ಮೇಲೇ ಬೀಳುತ್ತೆ. ಆ ತುಂಡಿನಲ್ಲಿ ಪ್ಲಾಸ್ಟಿಕ್ ಫಿಲ್ಟರ್ ನೇತುಹಾಕಬೇಡಿ, ಫಿಲ್ಟರ್ ಪಂಪಿಗೆ ಮೊದಲೇ ಇರಲಿ. ಪೆಟ್ರೋಲ್ ತುಂಬುವ ಮುಂಚೆ ಪೈಪಿನ ಎರಡೂ ತುದಿ ಕಳಚಿ, ಒಂದನ್ನು ಮುಚ್ಚಿ, ಸೈಕಲ್ ಪಂಪಿನಿಂದ 5 ಪಿಎಸ್‌ಐ ಗಾಳಿ ಕೊಟ್ಟು ಸಾಬೂನು ನೀರು ಹಚ್ಚಿ ನೋಡಿ.

ಮಂಗಳೂರು: ಪಂಪಿನ ಡಯಾಫ್ರಂ (ಒಳಗಿನ ಪೊರೆ), ಕಾರ್ಬೊರೇಟರಿನ ರಬ್ಬರುಗಳನ್ನೂ ಎಥನಾಲ್ ತಡೆಯುವಂಥವಕ್ಕೆ ಬದಲಿಸಿ. ಇ20 ಟ್ಯಾಂಕಿನ ಹಳೇ ಗಸಿಯನ್ನೂ ಕರಗಿಸಿ ತರುತ್ತೆ, ಹಾಗಾಗಿ ಮೊದಲ 300 ಕಿಮೀಗೇ ಫಿಲ್ಟರ್ ಬದಲಿಸಿ.