ಎರಡು ಲೈನ್ ಇದ್ದರೂ ನೆಟ್ ನಿಲ್ಲುತ್ತದೆ, ಯಾಕೆ?

ಗಂಗಾವತಿ_ಗಿರಣಿ: ನಮ್ಮ ಅಕ್ಕಿ ಗಿರಣಿ ಆಫೀಸಿಗೆ ಎರಡು ಫೈಬರ್ ಲೈನ್ ಇವೆ, ರೂಟರ್ ಎರಡಕ್ಕೂ ಟ್ರಾಫಿಕ್ ಹಂಚುತ್ತದೆ. ನಿನ್ನೆ ರಸ್ತೆ ಅಗೆಯುವಾಗ ಒಂದು ಕಟ್ಟಾಯಿತು. ರೂಟರಿನ ಹಸಿರು ದೀಪ ಮಾತ್ರ ಹಾಗೇ ಉರಿಯುತ್ತಿತ್ತು, ಕೆಲವು ಪೇಜ್ ತೆರೆಯುತ್ತಿದ್ದವು ಕೆಲವು ಇಲ್ಲ, ಇ-ವೇ ಬಿಲ್ ಆಗದೆ ಲಾರಿಗಳು ಗೇಟಿನಲ್ಲೇ ನಿಂತಿದ್ದವು. ಎಲ್ಲ ಟ್ರಾಫಿಕ್ ಒಳ್ಳೆ ಲೈನಿಗೆ ತಾನೇ ಹೋಗಬೇಕಿತ್ತು ಅಲ್ವಾ?

ರಾಯಚೂರು_ನೆಟ್: ಆ ದೀಪ ಹೇಳುವುದು ರೂಟರಿನಿಂದ ಮೋಡೆಮ್‌ವರೆಗಿನ ಕೇಬಲ್ ಸರಿ ಇದೆ ಅಂತ ಅಷ್ಟೇ. ಆಚೆ ಫೈಬರ್ ತುಂಡಾದರೆ ಅದಕ್ಕೆ ಗೊತ್ತಾಗುವುದಿಲ್ಲ. ಎರಡೂ ಲೈನ್ ಮೂಲಕ 5 ಸೆಕೆಂಡಿಗೊಮ್ಮೆ 8.8.8.8 ಮತ್ತು 1.1.1.1 (ಗೂಗಲ್, ಕ್ಲೌಡ್‌ಫ್ಲೇರ್ ಸರ್ವರ್‌ಗಳ ವಿಳಾಸ) ಎರಡಕ್ಕೂ ಪಿಂಗ್, ಅಂದರೆ ಉತ್ತರ ಬರುತ್ತದಾ ನೋಡುವ ಪುಟ್ಟ ಸಂದೇಶ, ಹೋಗುವಂತೆ ಇಡಿ. ಒಂದು ಲೈನಿನಲ್ಲಿ ಸತತ 3 ಸಲ ಎರಡೂ ವಿಳಾಸದಿಂದ ಉತ್ತರ ಬರದಿದ್ದರೆ ಮಾತ್ರ ರೂಟರ್ ಆ ಲೈನ್ ಬಿಡಲಿ. ಒಂದೇ ಪಿಂಗ್ ತಪ್ಪಿದ್ದಕ್ಕೆ ಬಿಟ್ಟರೆ ಲೈನ್ ಸುಮ್ನೆ ಹೋಗಿ ಬಂದು ಮಾಡುತ್ತದೆ, ತಲೆನೋವು ಜಾಸ್ತಿ.

ಬಳ್ಳಾರಿ_ಸರ್ವರ್: ಹಂಚುವುದು ಕನೆಕ್ಷನ್ ಲೆಕ್ಕದಲ್ಲಿ ಇರಲಿ, ಪ್ಯಾಕೆಟ್ (ಡೇಟಾದ ಪುಟ್ಟ ತುಂಡು) ಲೆಕ್ಕದಲ್ಲಿ ಬೇಡ. ಬ್ಯಾಂಕ್ ಸೈಟುಗಳನ್ನು ಒಂದೇ ಲೈನಿಗೆ ಕಟ್ಟಿಬಿಡಿ. ನಡುವೆ ಐಪಿ (ಲೈನಿನ ಇಂಟರ್ನೆಟ್ ವಿಳಾಸ) ಬದಲಾದರೆ ಲಾಗಿನ್ ಹೋಗಬಹುದು. ದೊಡ್ಡ ನೆಟ್‌ವರ್ಕ್‌ಗಳಲ್ಲಿ ಲೈನ್ ಸತ್ತಿದೆಯಾ ನೋಡುವ ಕೆಲಸಕ್ಕೆ ಬಿಎಫ್‌ಡಿ ಎಂಬ ವಿಧಾನ ಇದೆ, 2010ರಲ್ಲಿ ಆರ್‌ಎಫ್‌ಸಿ 5880 ಎಂಬ ಇಂಟರ್ನೆಟ್ ಮಾನದಂಡ ದಾಖಲೆಯಾಗಿ ಬಂತು, ಒಂದು ಸೆಕೆಂಡಿನೊಳಗೇ ಲೈನ್ ಸತ್ತದ್ದು ಹಿಡಿಯುತ್ತದೆ. ಆಫೀಸಿಗೆ ಪಿಂಗ್ ಸಾಕು.

ಗಂಗಾವತಿ_ಗಿರಣಿ: ಹಾಗೇ ಮಾಡಿ, ಮೋಡೆಮ್ ಹಿಂದಿನ ಫೈಬರ್ ಬಿಚ್ಚಿ ನೋಡಿದೆ. ದೀಪ ಹಸಿರೇ ಇತ್ತು, ಆದರೂ ಸುಮಾರು 15 ಸೆಕೆಂಡಿಗೆ ಎಲ್ಲ ಇನ್ನೊಂದು ಲೈನಿಗೆ ಬಂತು. ತುಂಬಾ ಉಪಕಾರ ಆಯಿತು ಅಣ್ಣ.