‘ಭಯ ಇಲ್ಲ’ ಅಂದವರು ಏಳರ ಮೇಲೆ ಗೇಟೇ ದಾಟಲ್ಲ, ಏನು ಬರೆಯಲಿ?

ಎಂಎ ವಿದ್ಯಾರ್ಥಿನಿ, ದಾವಣಗೆರೆ:
ಸಮಾಜಶಾಸ್ತ್ರದ ಪ್ರಾಜೆಕ್ಟ್‌ಗೆ ವಿದ್ಯಾನಗರ, ನಿಟುವಳ್ಳಿ ಕಡೆ ಮನೆಮನೆ ಸುತ್ತುತ್ತಿದ್ದೇನೆ. ಕಳ್ಳತನ, ಸರಗಳ್ಳತನಕ್ಕೆ ಜನ ಎಷ್ಟು ಹೆದರುತ್ತಾರೆ ಅನ್ನುವುದು ವಿಷಯ. ಮುಖ್ಯ ಪ್ರಶ್ನೆ ಬ್ರಿಟನ್ನಿನ ಅಪರಾಧ ಸಮೀಕ್ಷೆಯದ್ದು: ‘ಕತ್ತಲಾದ ಮೇಲೆ ಈ ಏರಿಯಾದಲ್ಲಿ ಒಬ್ಬರೇ ನಡೆದು ಹೋಗುವುದು ಎಷ್ಟು ಸುರಕ್ಷಿತ ಅನಿಸುತ್ತದೆ?’

ಒಬ್ಬ ಆಂಟಿ ‘ತುಂಬಾ ಸುರಕ್ಷಿತ’ ಅಂದರು. ಟಿಕ್ ಹಾಕಿದೆ. ಟೀ ಕುಡಿಯುವಾಗ ನೋಡಿದರೆ, ಅವರು ಸಂಜೆ ಏಳರ ಮೇಲೆ ಹೊರಗೆ ಹೋಗುವುದೇ ಇಲ್ಲ! ಬೆಳಗಿನ ವಾಕಿಂಗಿಗೂ ಮಾಂಗಲ್ಯ ಸರ ಒಳಗೆ ಸೇರಿಸಿ, ಸೆರಗು ಹೊದ್ದು ಪಿನ್ ಹಾಕಿಕೊಳ್ಳುತ್ತಾರಂತೆ. ಇದನ್ನು ಯಾವ ಕಾಲಮ್ಮಿಗೆ ಹಾಕಲಿ? ಗೈಡ್ ಸರ್ ‘ಟಿಕ್ ಹಾಕಿದ್ದೇ ಡೇಟಾ ಕಣಮ್ಮ’ ಅಂದುಬಿಟ್ಟರು.

ಸರ್ವೆ ಕೆಲಸದವನು, ಚಿತ್ರದುರ್ಗ:
ತಂಗಿ, ಈ ಪ್ರಶ್ನೆಯ ಮೇಲಿನ ತಕರಾರು ಹಳೆಯದು. ಅಮೆರಿಕದ ಸಂಶೋಧಕರಾದ ಫೆರಾರೊ ಮತ್ತು ಲಾಗ್ರೇಂಜ್ 1987ರಲ್ಲೇ ಎತ್ತಿದ್ದರು. ಪ್ರಶ್ನೆಯಲ್ಲಿ ಅಪರಾಧದ ಹೆಸರೇ ಇಲ್ಲ ನೋಡಿ. ಉತ್ತರ ಕೊಡುವವರ ತಲೆಯಲ್ಲಿ ಬೀದಿನಾಯಿ ಇರಬಹುದು, ಕೆಟ್ಟುಹೋದ ಬೀದಿದೀಪ ಇರಬಹುದು. ಆಂಟಿಗಂತೂ ಹೋಗದೇ ಇರುವ ದಾರಿಯ ಬಗ್ಗೆ ಊಹೆ ಮಾಡಿ ಹೇಳಿ ಅಂದ ಹಾಗಾಯಿತು.

ಸರ ಹೋಗುವ ಸಾಧ್ಯತೆ ಎಷ್ಟು ಅನ್ನುವುದು ಲೆಕ್ಕಾಚಾರ. ಎದೆ ಢವಢವ ಅನ್ನುವುದು ಭಯ. ಎರಡನ್ನೂ ಬೇರೆ ಬೇರೆ ಕೇಳಬೇಕು. ಪಿನ್ ಹಾಕುವುದು ಇನ್ನೊಂದೇ. ಹುಷಾರಾಗಿರುವವರೆಲ್ಲ ಹೆದರಿದವರಲ್ಲ, ಪಿನ್ ಇರುವುದಕ್ಕೇ ಆ ಅಮ್ಮ ನೆಮ್ಮದಿಯಾಗಿ ನಡೆಯುತ್ತಿರಬಹುದು.

ಆಮೇಲೆ ಬ್ರಿಟನ್ನಿನಲ್ಲೇ ಸ್ಟೀಫನ್ ಫಾರಲ್ ಅನ್ನುವ ಸಂಶೋಧಕ ಮತ್ತು ಜೊತೆಗಾರರು ಬೇರೆ ರೀತಿ ಕೇಳಿದರು: ಕಳೆದ ಒಂದು ವರ್ಷದಲ್ಲಿ ಅಪರಾಧಕ್ಕೆ ಬಲಿಯಾಗಬಹುದು ಅಂತ ಯಾವತ್ತಾದರೂ ಹೆದರಿದ್ದಿರಾ? ಎಷ್ಟು ಸಲ? ಕೊನೆಯ ಸಲ ಎಷ್ಟು ಹೆದರಿದಿರಿ? ನಡೆದದ್ದನ್ನು ಕೇಳಿದರೆ ಜನ ನೆನಪಿಸಿಕೊಂಡು ಹೇಳುತ್ತಾರೆ. ನಮ್ಮ ಕಡೆ ‘ಎಲ್ಲಿ, ಎಷ್ಟು ಹೊತ್ತಿಗೆ’ ಅಂತಲೂ ಸೇರಿಸಿ.

ಪಿ.ಜೆ. ಬಡಾವಣೆ ಗೃಹಿಣಿ:
ಅತ್ತೆ ಪಕ್ಕದಲ್ಲಿ ಕೂತಿರುವಾಗ ಸೊಸೆಯನ್ನು ಕೇಳಬೇಡಮ್ಮ. ‘ರಾತ್ರಿ ಭಯ ಇಲ್ಲ’ ಅಂದರೆ ಒಂದು ಮಾತು, ‘ಇದೆ’ ಅಂದರೆ ನಾಳೆಯಿಂದ ಟೈಲರಿಂಗ್ ಕ್ಲಾಸೂ ಬಂದ್! ಗಂಡಸರದ್ದು ಇನ್ನೊಂದು ಕಥೆ. ನಮ್ಮ ಮೈದುನ ‘ನನಗೇನು ಭಯ’ ಅಂತಾನೆ, ಬೈಕಿಗೆ ಮಾತ್ರ ಹ್ಯಾಂಡ್ ಲಾಕ್ ಮೇಲೆ ಚೈನು, ಬೀಗ. ಅವನನ್ನು ಬೈಕಿನ ಬಗ್ಗೆ ಕೇಳಿ, ನಿಜ ಬರುತ್ತೆ.

ಎಂಎ ವಿದ್ಯಾರ್ಥಿನಿ:
ಹಾಗಾದರೆ ತುಂಬಿಸಿದ ಫಾರ್ಮುಗಳನ್ನೆಲ್ಲ ಬಿಸಾಕಬೇಕಾ ಅಣ್ಣಾ?

ಸರ್ವೆ ಕೆಲಸದವನು:
ಬೇಡ. ಹಳೇ ಪ್ರಶ್ನೆಯೂ ಇರಲಿ, ಅದರ ಕೆಳಗೆ ‘ಕತ್ತಲಾದ ಮೇಲೆ ಕೊನೆಯ ಸಲ ಒಬ್ಬರೇ ಹೋಗಿದ್ದು ಯಾವಾಗ?’ ಅಂತ ಸೇರಿಸಿ. ಮೊದಲು ಆ ಆಂಟಿ ಮನೆಗೇ ಹೋಗಿ, ಟೀನೂ ಸಿಗುತ್ತೆ.