‘ರಕ್ತ ಸೇರಲ್ಲ’ ಬೇಡ, ಬೇರೆ ಮಾತು ಇದೆಯಾ?

ಗೆಳೆಯರೇ,

ದಾವಣಗೆರೆಯಲ್ಲಿ ಬಸುರಿಯರಿಗೆ ಹಂಚುವ ಒಂದು ಕರಪತ್ರದ ಕನ್ನಡ ತಿದ್ದುತ್ತಿದ್ದೇನೆ. ಇರುವುದು ಎರಡೇ ಪುಟ. ಆದರೆ ಒಂದು ಮಾತಿನ ಹತ್ತಿರ ವಾರದಿಂದ ಕೂತುಬಿಟ್ಟಿದ್ದೇನೆ.

ವಿಷಯ ಇದು. ತಾಯಿ ಆರ್‌ಎಚ್ ನೆಗೆಟಿವ್, ಅಂದರೆ ಕೆಂಪು ಕಣದ ಮೇಲೆ ‘ಡಿ’ ಅನ್ನೋ ಗುರುತು ಇಲ್ಲ; ಮಗು ಪಾಸಿಟಿವ್, ಅದಕ್ಕೆ ಇದೆ. ಹೆರಿಗೆ ಹೊತ್ತಿಗೆ ಮಗುವಿನ ರಕ್ತ ಒಂದಿಷ್ಟು ತಾಯಿಯ ರಕ್ತಕ್ಕೆ ಬೆರೆಯುತ್ತದೆ. ತಾಯಿಯ ಮೈ ಅದನ್ನು ಹೊರಗಿನದು ಅಂತ ಹಿಡಿದು, ಅದರ ಮೇಲೆ ಬೀಳುವ ಪ್ರೋಟೀನು, ಅಂದರೆ ಆಂಟಿಬಾಡಿ, ಮಾಡಿಕೊಳ್ಳಬಹುದು. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗಲ್ಲ. ಮುಂದಿನದೂ ಪಾಸಿಟಿವ್ ಆದರೆ ಆ ಆಂಟಿಬಾಡಿ ಮಾಸು ದಾಟಿ ಹೋಗಿ ಮಗುವಿನ ಕೆಂಪು ಕಣಗಳನ್ನು ಒಡೆಯುತ್ತದೆ. ರಕ್ತ ಹಾಕಿಸಿಕೊಂಡವರಲ್ಲೂ ಹೀಗೆ ಆಂಟಿಬಾಡಿ ಹುಟ್ಟಬಹುದು. ಗ್ರೂಪ್ ಸರಿಯಾಗಿ ಕೂಡಿದ್ದರೂ ಕೆಲ್, ಕಿಡ್, ಡಫಿ ಅನ್ನೋ ಬೇರೆ ಗುರುತುಗಳು ಕಣದ ಮೇಲೆ ಇರುತ್ತವಲ್ಲ.

ಡಾಕ್ಟರು ಇದಕ್ಕೆ ‘ಸೆನ್ಸಿಟೈಸ್ ಆಗಿದ್ದಾರೆ’ ಅನ್ನುತ್ತಾರೆ. ನಿಘಂಟು ಹಿಡಿದು ಹೊರಟರೆ ‘ಸಂವೇದನೆ’ಗೆ ಹೋಗಿ ಮುಟ್ಟುತ್ತೇವೆ. ಅದು ಕವಿಗಳಿಗಿರಲಿ. ನಮ್ಮ ಕಡೆ ಜನ ಅನ್ನೋದು ‘ರಕ್ತ ಸೇರಲ್ಲ’. ಹಳೆಯ ಕರಪತ್ರದಲ್ಲೂ ಅದೇ ಇತ್ತು. ನನಗೂ ಸರಿ ಅನ್ನಿಸಿತ್ತು, ಹೋದ ತಿಂಗಳು ಒಬ್ಬ ಅತ್ತೆ ಕೇಳುವವರೆಗೆ. ಜಗಳೂರು ಕಡೆಯವರು. ಬೆಂಚಿನ ಮೇಲೆ ಸೊಸೆ ಫೈಲಿನ ಮೂಲೆ ಮಡಚುತ್ತಾ, ಬಿಚ್ಚುತ್ತಾ ಕೂತಿದ್ದಳು. “ಗಂಡ ಹೆಂಡ್ತಿ ರಕ್ತ ಸೇರಲ್ಲಂತಲ್ಲ ಮೇಡಂ, ಮತ್ತೆ ಜಾತಕ ಕೂಡಿತ್ತಲ್ಲ?”

ಆ ಮಾತು ಮೈಯಿಂದ ಹಾರಿ ಮದುವೆ ಮೇಲೆ ಬಿದ್ದಿತ್ತು.

ಎ, ಬಿ, ಓ ಗ್ರೂಪಿನ ವಿಷಯಕ್ಕಾದರೆ ‘ಸೇರಲ್ಲ’ ನಡೆಯುತ್ತದೆ. ಅಲ್ಲಿ ಯಾರ ರಕ್ತವೂ ಮೈಗೆ ಬರದಿದ್ದರೂ, ಮಗುವಿಗೆ ಕೆಲವು ತಿಂಗಳಾಗುವಷ್ಟರಲ್ಲಿ ಆಂಟಿಬಾಡಿ ತಾನಾಗೇ ಬಂದಿರುತ್ತದೆ. ಆರ್‌ಎಚ್ ಹಾಗಲ್ಲ. ಒಂದು ಸಲ ಕಂಡ ಮೇಲೆ ಹುಟ್ಟುವ ವಿರೋಧ ಅದು. ‘ಆಗಿಬರಲ್ಲ’, ‘ಒಗ್ಗಲ್ಲ’ ಎಲ್ಲಕ್ಕೂ ಇದೇ ತೊಂದರೆ, ಮೊದಲಿಂದಲೇ ಇತ್ತು ಅನ್ನೋ ಹಾಗೆ ಕೇಳಿಸುತ್ತವೆ. ಆಂಟಿಬಾಡಿಗೆ ‘ಪ್ರತಿಕಾಯ’ ಹಾಕಿ ನೋಡಿದೆ. ಪಕ್ಕದಲ್ಲೇ ‘ಪ್ರತಿಜನಕ’ (ಆಂಟಿಜೆನ್, ಕಣದ ಮೇಲಿನ ಗುರುತು) ಬರಬೇಕು, ಅದನ್ನು ಓದಿದವರು ‘ಪ್ರತಿಜೀವಕ’ (ಆಂಟಿಬಯಾಟಿಕ್) ಅಂದುಕೊಂಡು ಮಾತ್ರೆ ಎಲ್ಲಿ ಅಂತ ಕೇಳಿದರು. ಆಂಟಿಬಾಡಿ ಅಂತಲೇ ಬಿಟ್ಟಿದ್ದೇನೆ.

ಈಗ ನನ್ನ ಮನಸ್ಸು ‘ಗುರುತು ಹಿಡಿ’ ಕಡೆಗಿದೆ. ‘ನಿಮ್ಮ ಮೈ ಮಗುವಿನ ರಕ್ತವನ್ನು ಗುರುತು ಹಿಡಿಯುವ ಮುಂಚೆಯೇ ಆಂಟಿ-ಡಿ ಇಂಜೆಕ್ಷನ್ ಬೀಳಬೇಕು, ಬಸುರಿನ 28ನೇ ವಾರದಲ್ಲಿ ಒಂದು ಸಲ, ಪಾಸಿಟಿವ್ ಮಗು ಹುಟ್ಟಿದರೆ 72 ಗಂಟೆಯೊಳಗೆ ಇನ್ನೊಮ್ಮೆ.’ ಸಲೀಸಾಗಿ ಓದಿಸಿಕೊಳ್ಳುತ್ತದೆ. ಗುರುತು ಹಿಡಿದಾದ ಮೇಲೆ ಆ ಇಂಜೆಕ್ಷನ್‌ನಿಂದ ಉಪಯೋಗವಿಲ್ಲ ಅನ್ನೋದೂ ಬೇರೆ ವಿವರಣೆ ಇಲ್ಲದೆ ತಿಳಿಯುತ್ತದೆ. ಇನ್ನೊಂದು ಕಡೆಯೂ ಕೂರುತ್ತದೆ. ವರ್ಷಗಳಾದರೆ ಆಂಟಿಬಾಡಿ ಇಳಿದು ಟೆಸ್ಟಿನಲ್ಲಿ ಕಾಣದೆ ಹೋಗಬಹುದು, ಆದರೆ ಮೈ ಗುರುತು ಮರೆತಿರಲ್ಲ. ಮತ್ತೆ ಅಂಥದೇ ರಕ್ತ ಹಾಕಿದರೆ ಕೆಲವು ದಿನದಲ್ಲಿ, ಕೆಲವೊಮ್ಮೆ ಎರಡು ವಾರದಲ್ಲಿ, ಕಣ ಒಡೆದು ಕಣ್ಣು ಹಳದಿಯಾಗಬಹುದು. ಅಷ್ಟೊತ್ತಿಗೆ ಜನ ಊರು ಸೇರಿರುತ್ತಾರೆ. ಕಾಮಾಲೆ ಅಂತ ಸೊಪ್ಪಿನ ಔಷಧಿಗೆ ಓಡುತ್ತಾರೆ.

ಅದಕ್ಕೇ ಹಿಂದೆ ರಕ್ತ ಹಾಕಿಸಿಕೊಂಡಿದ್ದೀರಾ ಅಂತ ಕೇಳುವುದು. ಅಲ್ಲೂ ಭಾಷೆಯ ಪೇಚು ಇದೆ. ‘ರಕ್ತ ಕೊಟ್ಟಿದ್ರಾ’ ಅಂದರೆ ಕೊಟ್ಟವರು ಯಾರು? ಇವರೋ, ಆಸ್ಪತ್ರೆಯವರೋ? ‘ಬಾಟ್ಲಿ ಹಾಕಿದ್ರು’ ಅಂದರೆ ಗ್ಲೂಕೋಸೂ ಆಗಬಹುದು. ನಮ್ಮ ಸಿಸ್ಟರ್ ಒಬ್ಬರು ನೇರ ಕೇಳುತ್ತಾರೆ: “ಕೆಂಪು ಬಾಟ್ಲಿನಾ, ಬಿಳೇದಾ?” ಫಾರಂನಲ್ಲಿ ಅದನ್ನೇ ಅಚ್ಚು ಹಾಕಿಸೋಣ ಅಂದಿದ್ದೇನೆ.

‘ಗುರುತು’ವಿಗೆ ಒಂದೇ ಅಡ್ಡಿ. ‘ಅವರ ಗುರುತಿದೆ’ ಅಂದರೆ ಪರಿಚಯ, ಬೇಕಾದವರು ಅಂತ. ಇಲ್ಲಿ ಗುರುತು ಸಿಕ್ಕ ಮೇಲೇ ಜಗಳ. ‘ಹಗೆ’ ಅಂತ ಬರೆಯಲು ಕೈ ಬರಲಿಲ್ಲ, ತಾಯಿಗೆ ಮಗುವಿನ ಮೇಲೆ ಹಗೆ ಅಂದಂತಾಗುತ್ತದೆ. ಒಮ್ಮೆ ಕಂಡು, ಮುಂದಿನ ಸಲ ತಿರುಗಿ ಬೀಳುವುದಕ್ಕೆ ನಿಮ್ಮ ಕಡೆ ಏನನ್ನುತ್ತೀರಿ? ಚಿತ್ರದುರ್ಗ, ಹಿರಿಯೂರು ಕಡೆಯವರು ದನಗಳ ವಿಷಯಕ್ಕೆ ಬಳಸುವ ಮಾತಿದ್ದರೂ ತಿಳಿಸಿ. ಅಚ್ಚಿಗೆ ಹೋಗಲು ಇನ್ನೂ ಹತ್ತು ದಿನ ಇದೆ.